ಹೊಳೆಬಾಗಿಲಿನ ಆಚೆ ಅಕ್ಕನ ಮನೆ

ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿ, ಕೊನೆಯ ಕೊಯ್ಲಿನ ಅಡಿಕೆಯೂ ಬೆಂದು ಒಣಗಿ ಅಟ್ಟ ಸೇರಿದ ಮೇಲೆ ನಮ್ಮಂಥ ಸಣ್ಣ ಬೆಳೆಗಾರರಿಗೆ ವರ್ಷದಲ್ಲಿ ಒಂದು ಹದಿನೈದು ದಿನ ಬಿಡುವು. ನೆಂಟರಿಷ್ಟರ ಮನೆಗೆ ಹೋಗಿ ಬರುವುದು, ತಪ್ಪಿಸಿಕೊಂಡ ಮದುವೆಗಳವರಿಗೆ ಮುಖ ತೋರಿಸುವುದು, ಮಂಡಿಯಲ್ಲಿ ಧಾರಣೆ ವಿಚಾರಿಸುವುದು ಎಲ್ಲವೂ ಆ ಹದಿನೈದು ದಿನದಲ್ಲೇ ಆಗಬೇಕು. ಈ ಸಲದ ಬಿಡುವಿನಲ್ಲಿ ನಾನು ಅಕ್ಕನ ಮನೆಗೆ ಹೋಗಿ ಬಂದೆ. ಆನಂದಪುರದ ಹತ್ತಿರದ ನಮ್ಮ ಊರಿನಿಂದ ಸಾಗರ, ಸಾಗರದಿಂದ ಹೊಳೆಬಾಗಿಲು, ಅಲ್ಲಿಂದ ಶರಾವತಿಯ ಹಿನ್ನೀರು ದಾಟಿ ತುಮರಿಯ ಕಡೆ. ಕಾಶಿ ರಾಮೇಶ್ವರಗಳ ಯಾತ್ರೆ ಮಾಡಿ ಬಂದ ಸದಸ್ಯರು ಬರೆದದ್ದನ್ನು ನಾವೆಲ್ಲ ಓದಿದ್ದೇವೆ. ಅಂಥವರ ಮುಂದೆ ಇದನ್ನು ಪ್ರವಾಸವೆಂದು ಕರೆಯಲು ನನಗೇ ಸಂಕೋಚ. ಆದರೂ ಹೋದದ್ದು ಬರಿಯ ನೆಂಟಸ್ತಿಕೆಗಲ್ಲವಾದುದರಿಂದಲೂ, ನಮ್ಮಲ್ಲಿ ಅನೇಕರ ಮನೆಯ ಹಣೆಬರಹವೂ ಇದೇ ಆಗಿರುವುದರಿಂದಲೂ ಬರೆಯುವ ಮನಸ್ಸು ಮಾಡಿದ್ದೇನೆ.

ಕಾರಣ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಕ್ಕನ ಮಗ ಒಂದು ರಾತ್ರಿ ಫೋನು ಮಾಡಿದ. "ಮಾವ, ಅಮ್ಮನ ಹತ್ರ ನೀವೇ ಒಂದು ಸಲ ಮಾತಾಡಿ. ನನ್ನ ಮಾತು ಕೇಳ್ತಾ ಇಲ್ಲ. ತೋಟಕ್ಕೆ ಒಳ್ಳೆ ಗಿರಾಕಿ ಬಂದಿದ್ದಾರೆ. ಕೊಟ್ಟು ಅವಳನ್ನ ಇಲ್ಲಿಗೆ ಕರ್ಕೊಂಡು ಬರೋಣ ಅಂತ" ಎಂದ. ಅಕ್ಕನಿಗೆ 80 ತುಂಬಿದೆ. ಒಂದೂವರೆ ಎಕರೆ ಅಡಿಕೆ, ನಡುನಡುವೆ ಕಾಫಿ, ಮರಕ್ಕೆ ಹಬ್ಬಿದ ಕಾಳುಮೆಣಸು. ಮನೆಯಲ್ಲಿ ಅವಳೊಬ್ಬಳೇ. ಬೆಳಿಗ್ಗೆ ಕೆಲಸಕ್ಕೆ ಒಬ್ಬ ಹೆಂಗಸು ಬಂದು ಮಧ್ಯಾಹ್ನ ಹೋಗುತ್ತಾಳೆ. ಈಚೆಗೆ ಎರಡು ವರ್ಷಗಳಿಂದ ಅಕ್ಕನಿಗೆ ಮರೆವು ಹತ್ತಿದೆ. ಒಲೆಯ ಮೇಲೆ ಹಾಲಿಟ್ಟು ತೋಟಕ್ಕೆ ಹೋದದ್ದೂ ಉಂಟು. ಹುಡುಗನ ಆತಂಕವನ್ನು ತಪ್ಪೆನ್ನುವಂತಿಲ್ಲ.

ಸೇತುವೆಯಾದ ಮೇಲೆ ನಾನು ಆ ಕಡೆಗೆ ಹೋದದ್ದು ಇದೇ ಮೊದಲು. 2018ರಲ್ಲಿ ಶಂಕುಸ್ಥಾಪನೆಯಾಗಿ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದ ಈ ಸೇತುವೆಯ ಉದ್ದ 2.44 ಕಿಲೋಮೀಟರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ನೇರ. ನಡುವೆ ದೊಡ್ಡ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಸೇತುವೆಯನ್ನು ಹಿಡಿದುಕೊಂಡಿವೆ. ನಮ್ಮ ಕಾರು ಅದನ್ನು ದಾಟಲು ಐದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಕಾರು ಓಡಿಸುತ್ತಿದ್ದ ಪಕ್ಕದ ಮನೆಯ ಹುಡುಗ ಹಾಡು ಹಾಕಿಕೊಂಡಿದ್ದ. ನಾನು ಕಿಟಕಿಗೆ ಮುಖವಿಟ್ಟು ಬಲಗಡೆಯ ನೀರನ್ನು ನೋಡುತ್ತ ಕುಳಿತಿದ್ದೆ. "ಎಂತ ನೋಡ್ತೀರಿ ಅಜ್ಜಯ್ಯ?" ಎಂದು ಕೇಳಿದ. "ನಮ್ಮನೆ" ಎಂದೆ. ಅವನು ನಕ್ಕ. ತಮಾಷೆಯೆಂದುಕೊಂಡಿರಬೇಕು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. 1819 ಅಡಿಯವರೆಗೆ ನೀರು ನಿಲ್ಲುತ್ತದೆಂದು ಗುರುತು ಹಾಕಿ ಕಲ್ಲು ನೆಟ್ಟು ಹೋಗಿದ್ದರು. ನಮ್ಮ ಮನೆ ಆ ಕಲ್ಲಿನಿಂದ ಬಹಳ ಕೆಳಗಿತ್ತು. ನಾನಾಗ ನಾಲ್ಕನೆಯ ಕ್ಲಾಸು. ಹಿಂದೆ 1940ರ ದಶಕದಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದಾಗಲೂ ಒಂದಿಷ್ಟು ಊರುಗಳು ನೀರಿಗೆ ಹೋಗಿದ್ದವು. ಆ ಅಣೆಕಟ್ಟನ್ನೇ ಮುಳುಗಿಸುವಷ್ಟು ನೀರು ಬರುತ್ತದೆಂದು ಯಾರು ಹೇಳಿದರೂ ನಮ್ಮ ಅಜ್ಜ ನಂಬಿರಲಿಲ್ಲ. ಕಡೆಗೆ ಲಾರಿ ಬಂದು ಅಂಗಳದಲ್ಲಿ ನಿಂತಾಗ ಹಂಡೆ, ಕೊಪ್ಪರಿಗೆ, ದೇವರ ಪೆಟ್ಟಿಗೆ, ಎರಡು ಕರು ಎಲ್ಲವೂ ಅದರಲ್ಲೇ ಏರಿದವು. ದನಗಳನ್ನು ಹೊಡೆದುಕೊಂಡು ಅಪ್ಪಯ್ಯ ನಡೆದೇ ಹೊರಟರು. ಒಂದು ಚೀಲ ಗೋಟನ್ನು ಮಾತ್ರ ಅವರು ಲಾರಿಗೆ ಕೊಡದೆ ತಾವೇ ಹೊತ್ತಿದ್ದರು. ಹೊಸ ಜಾಗದಲ್ಲಿ ಅಗೆ ಹಾಕಲು ಆರಿಸಿಟ್ಟ ಬೀಜದ ಅಡಿಕೆ ಅದು. ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ, ಅಗೆ ಹಾಕಿ, ಸಸಿ ಎಬ್ಬಿಸಿ, ನೆಟ್ಟು, ಕೊನೆ ಬಿಡುವ ತನಕ ಎಷ್ಟು ವರ್ಷ ಬೇಕು, ಆ ವರ್ಷಗಳನ್ನು ಬೆಳೆಯಿಲ್ಲದ ಮನೆ ಹೇಗೆ ಕಳೆಯಬೇಕು ಎಂಬುದನ್ನು. ಇಂದು ನನ್ನ ತೋಟದಲ್ಲಿರುವುದು ಆ ಮರಗಳ ಮಕ್ಕಳು.

ಮುಳುಗಡೆಯವರ ಕಥೆಯನ್ನು ತಿಳಿದವರು ಬರೆದಿದ್ದಾರೆ. ಹಕ್ಕುಪತ್ರದ ತಕರಾರು ಹಲವರಿಗೆ ಇಂದಿಗೂ ಬಗೆಹರಿದಿಲ್ಲ. ನಾಡಿಗೆ ಕರೆಂಟು ಕೊಡಲು ಊರು ಬಿಟ್ಟವರು ತಾವು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಕುಳಿತರು. ಅದನ್ನೆಲ್ಲ ಇಲ್ಲಿ ಬೆಳೆಸುವುದಿಲ್ಲ.

ಅಕ್ಕನ ಮದುವೆ ಅದರ ಹಿಂದಿನ ವರ್ಷ, 1963ರಲ್ಲಿ ಆಗಿತ್ತು. ದಿಬ್ಬಣ ಎತ್ತಿನ ಗಾಡಿಯಲ್ಲಿ ಹೊಳೆಯ ತನಕ ಹೋಗಿ, ಕಡವಿನಲ್ಲಿ ದೋಣಿ ಹತ್ತಿ, ಆಚೆ ದಡದಲ್ಲಿ ಮತ್ತೆ ಗಾಡಿ ಹತ್ತಿತ್ತು. ಬೇಸಿಗೆಯಾದ್ದರಿಂದ ದೋಣಿಯೂ ಹೆಸರಿಗಷ್ಟೇ. ಬೆಳಿಗ್ಗೆ ತವರಿನಿಂದ ಹೊರಟರೆ ಊಟದ ಹೊತ್ತಿಗೆ ಗಂಡನ ಮನೆ. ಇಷ್ಟು ಹತ್ತಿರಕ್ಕೆ ಕೊಟ್ಟೆವೆಂದು ಅಮ್ಮನಿಗೆ ಸಮಾಧಾನವಿತ್ತು. ಮರುವರ್ಷ ನೋಡಿದರೆ ನಡುವೆ ಸಮುದ್ರ. ಅಕ್ಕನ ಗಂಡನ ಮನೆ ಎತ್ತರದಲ್ಲಿದ್ದುದರಿಂದ ಉಳಿಯಿತು, ಗದ್ದೆ ಮಾತ್ರ ಹೋಯಿತು. ತವರು ಪೂರ್ತಿ ಹೋಯಿತು. ನಾವು ಆನಂದಪುರದ ಕಡೆ ಬಂದೆವು.

ಅಲ್ಲಿಂದ ಮುಂದೆ ಅಕ್ಕನನ್ನು ನೋಡಬೇಕೆಂದರೆ ಲಾಂಚು. ಇಲ್ಲವಾದರೆ ಹೊಸನಗರ, ನಗರ, ನಿಟ್ಟೂರುಗಳ ಮೇಲೆ ಸುಮಾರು 80 ಕಿಲೋಮೀಟರಿನ ಸುತ್ತು. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದ ಗಂಟೆಗಳನ್ನೆಲ್ಲ ಕೂಡಿಸಿದರೆ ನನ್ನ ಆಯುಷ್ಯದಲ್ಲಿ ಎಷ್ಟು ತಿಂಗಳಾದೀತೋ. ಬಸ್ಸು, ಜೀಪು, ಅಡಿಕೆ ಮೂಟೆ, ಹೋರಿಕರು, ಮದುವೆ ದಿಬ್ಬಣ, ಬಾಣಂತಿ, ಎಲ್ಲವೂ ಒಂದೇ ಹಲಗೆಯ ಮೇಲೆ. ಬೇಸಿಗೆಯಲ್ಲಿ ನೀರಿಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ, ಜನ ಮಾತ್ರ. 1978ರಲ್ಲಿ ಭಾವನಿಗೆಂದು ಕಾಫಿ ಸಸಿಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಹೋಗಿದ್ದೆ. ಅವರ ಕಡೆ ಆಗ ಕಾಫಿ ಹಾಕಿದವರೇ ಅಪರೂಪ. ಬೆಳೆದ ಕಾಫಿಯನ್ನು ಬೋರ್ಡಿನ ಪೂಲಿಗೇ ಕೊಡಬೇಕಾಗಿದ್ದ ಕಾಲ ಅದು. ಲಾಂಚಿನಲ್ಲಿ ಒಬ್ಬ ಮುದುಕ ಸಸಿಗಳನ್ನು ಮುಟ್ಟಿ ನೋಡಿ, "ಅಡಿಕೆ ಬುಡಕ್ಕೆ ಶತ್ರು ತಗಂಡು ಹೋಗ್ತಿದ್ಯಲ್ಲ" ಎಂದು ಬೈದಿದ್ದ. ಆ ರೊಬಸ್ಟಾ ಗಿಡಗಳು ಈಗಲೂ ಇವೆ. ಈ ವರ್ಷವೂ ಕೈಗೆಟುಕುವ ರೆಕ್ಕೆಗಳ ಹಣ್ಣನ್ನು ಅಕ್ಕನೇ ಕೊಯ್ದಿದ್ದಾಳೆ.

ಒಂದು ಬೇಸಿಗೆ, ಮಳೆ ಕೈಕೊಟ್ಟ ವರ್ಷ, ನೀರು ಬಹಳ ಕೆಳಗಿಳಿದಿತ್ತು. ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಬಂದಿದೆಯೆಂದು ಜನ ಗುಂಪು ಗುಂಪಾಗಿ ನೋಡಲು ಹೋಗುತ್ತಿದ್ದರು. ಭಾವ ನನ್ನನ್ನು ದೋಣಿಯಲ್ಲಿ ನಮ್ಮ ಊರಿದ್ದ ಜಾಗಕ್ಕೆ ಕರೆದುಕೊಂಡು ಹೋದರು. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಕಪ್ಪಗಾದ ಮರದ ಮೋಟುಗಳು. ನಮ್ಮ ಅಂಗಳವೆಂದು ಗುರುತು ಸಿಕ್ಕಿದ್ದು ಒರಳುಕಲ್ಲಿನಿಂದ. ಅದರ ಗುಳಿಯಲ್ಲಿ ಮಣ್ಣು ತುಂಬಿತ್ತು. ಕೈಯಿಂದ ಬಾಚಿ ತೆಗೆದೆ. ಒಯ್ಯೋಣವೇ ಎಂದು ಭಾವ ಕೇಳಿದರು. ದೋಣಿಗೆ ಭಾರವಾದೀತೆಂದು ಬಿಟ್ಟು ಬಂದೆವು. ಅಕ್ಕನಿಗೆ ಈ ಸಂಗತಿ ಹೇಳಿದಾಗ ಅವಳು ಎರಡು ದಿನ ಇಬ್ಬರ ಹತ್ತಿರವೂ ಸರಿಯಾಗಿ ಮಾತನಾಡಲಿಲ್ಲ.

ಇಷ್ಟೆಲ್ಲ ಹೇಳಿದ್ದರಿಂದ ಲಾಂಚಿನ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಹಾಗೆ ಹೇಳುವವರು ರಾತ್ರಿಯ ಹೊತ್ತು ಆಚೆ ದಡದಲ್ಲಿ ಸಿಕ್ಕಿಬಿದ್ದವರಲ್ಲ. 1993ರ ಆಷಾಢದಲ್ಲಿ ಒಂದು ಸಂಜೆ ಏಳರ ಸುಮಾರಿಗೆ ಭಾವನಿಗೆ ಎದೆನೋವು ಕಾಣಿಸಿತು. ಕೊನೆಯ ಲಾಂಚು ಹೋಗಿ ಬಹಳ ಹೊತ್ತಾಗಿತ್ತು. ಪಕ್ಕದವರ ಜೀಪಿನಲ್ಲಿ ಮಲಗಿಸಿಕೊಂಡು ನಿಟ್ಟೂರಿನ ಮೇಲೆ ಹೊರಟರು. ಒಂದು ಕಡೆ ಮರ ಬಿದ್ದಿತ್ತು, ಕಡಿದು ದಾರಿ ಮಾಡಬೇಕಾಯಿತು. ನಗರದ ಹತ್ತಿರ ನೀರು ಕೇಳಿದರಂತೆ. ಹೊಸನಗರ ಮುಟ್ಟಲಿಲ್ಲ. ಹೊಳೆಯ ಈಚೆಯಿದ್ದಿದ್ದರೆ ಸಾಗರದ ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಈಗ ಸೇತುವೆಯ ಮೇಲೆ ನಡುರಾತ್ರಿಯೂ ಆಂಬುಲೆನ್ಸು ಓಡುತ್ತದೆ. ಅದಕ್ಕೆ 470 ಕೋಟಿ ಅಲ್ಲ, ಇನ್ನೂ ಹೆಚ್ಚು ಖರ್ಚಾಗಿದ್ದರೂ ನಾನು ದುಬಾರಿ ಎನ್ನುತ್ತಿರಲಿಲ್ಲ.

ಮನೆಯ ಮುಂದೆ ಕಾರು ನಿಂತಾಗ ಅಕ್ಕ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದಳು. ಹಿಂದೆ ಉಳಿದಿದ್ದ ನಾಲ್ಕು ಗೋಟು ಸುಲಿಯುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಬಂದ್ಯಾ ತಮ್ಮಾ? ಲಾಂಚು ಸಿಕ್ತಾ?" ಎಂದಳು. "ಲಾಂಚೆಲ್ಲಿ ಅಕ್ಕ, ಈಗ ಸೇತುವೆ ಆಗಿದ್ಯಲ್ಲ" ಎಂದೆ. ಅವಳ ಮುಖ ಒಂದು ಕ್ಷಣ ಬೆಪ್ಪಾಯಿತು. ಆಮೇಲೆ, "ಹೌದಲ್ವಾ, ಮಗ ತೋರ್ಸಿದ್ದ" ಎಂದು ನಕ್ಕಳು. ಕೈಕಾಲು ತೊಳೆದು ಬರುವಷ್ಟರಲ್ಲಿ ಮತ್ತೆ ಕೇಳಿದಳು: "ಲಾಂಚಿನಲ್ಲಿ ಜನ ಇದ್ರಾ?"

ಜಗಲಿಯ ಮೂಲೆಯಲ್ಲಿ ಮಗ ಒಂದು ಕ್ಯಾಮೆರಾ ಕೂರಿಸಿ ಹೋಗಿದ್ದಾನೆ. ಬೆಂಗಳೂರಿನಲ್ಲಿ ಕುಳಿತು ತನ್ನ ಮೊಬೈಲಿನಲ್ಲಿ ತಾಯಿ ಏನು ಮಾಡುತ್ತಿದ್ದಾಳೆಂದು ನೋಡಬಹುದು. ಅಕ್ಕ ಅದಕ್ಕೊಂದು ಪಾಣಿಪಂಚೆಯ ತುಂಡು ಮುಚ್ಚಿದ್ದಳು. ಏಕೆಂದು ಕೇಳಿದರೆ, "ಅದು ಕಣ್ಣೇ ಮಿಟುಕೋದಿಲ್ಲ ಮಾರಾಯ" ಎಂದಳು. ಮಗ ಫೋನು ಮಾಡಿ ತೆಗೆಯೆಂದರೆ ತೆಗೆಯುತ್ತಾಳೆ, ಸಂಜೆಗೆ ಮತ್ತೆ ಮುಚ್ಚುತ್ತಾಳೆ.

ಮರುದಿನ ಕಿಸಾನ್ ಸಮ್ಮಾನದ ಇ-ಕೆವೈಸಿ ಮಾಡಿಸಲು ಅವಳನ್ನು ಕರೆದುಕೊಂಡು ಹೋದೆ. ಅವಳ ಕಂತು ನಿಂತು ಹೋಗಿತ್ತು. ಆ ಕೇಂದ್ರದ ಹುಡುಗಿ ಬಹಳ ತಾಳ್ಮೆಯಿಂದ ಹೆಬ್ಬೆಟ್ಟು ಇಡಿಸಿದಳು. ಯಂತ್ರ ಒಪ್ಪಲಿಲ್ಲ. ತೋರುಬೆರಳು, ನಡುಬೆರಳು, ಎಡಗೈ, ಸೋಪು ಹಚ್ಚಿ ತೊಳೆದು ಮತ್ತೆ ಬಲಗೈ. ಊಹುಂ. ಅರವತ್ತು ವರ್ಷ ಅಡಿಕೆ ಸುಲಿದ ಬೆರಳುಗಳು. ಚೊಗರಿನಲ್ಲಿ ಕಪ್ಪಾಗಿ, ಕತ್ತಿಯ ಬಾಯಿಗೆ ಸವೆದು, ಗೆರೆಯೆನ್ನುವುದೇ ಉಳಿದಿಲ್ಲ. ಹಾಗಾದರೆ ಮೊಬೈಲಿಗೆ ಬರುವ ಅಂಕಿ ಹೇಳಿ ಎಂದಳು. ಮೊಬೈಲು ನಂಬರು ಮಗನದು. ಅವನು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದ. ಅವನು ನೋಡಿ ತಿಳಿಸುವಷ್ಟರಲ್ಲಿ ಅಂಕಿಯ ಅವಧಿ ಮುಗಿದಿತ್ತು. ಕಡೆಗೆ ಮುಖ ತೋರಿಸಿದರೂ ಆಗುತ್ತದೆಂದು ಆ ಹುಡುಗಿಯೇ ಹೇಳಿ ತನ್ನ ಮೊಬೈಲನ್ನು ಅಕ್ಕನ ಮುಖಕ್ಕೆ ಹಿಡಿದಳು. "ಕಣ್ಣು ಮಿಟುಕಿಸಿ ಅಜ್ಜಿ" ಎಂದಳು. ಅಕ್ಕ ನನ್ನ ಕಡೆ ತಿರುಗಿ, "ನೋಡು, ಇದಾದ್ರೂ ಮಿಟುಕಿಸು ಅಂತದೆ" ಎಂದಳು. ಕೆಲಸವಾಯಿತು. ಇಂಥ ತೊಂದರೆಯಿರುವ ಸದಸ್ಯರು ಮುಖ ತೋರಿಸುವ ಈ ಕ್ರಮವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಸುಮ್ಮನೆ ಬೆರಳು ತಿಕ್ಕಿ ತಿಕ್ಕಿ ಪ್ರಯೋಜನವಿಲ್ಲ.

ತೋಟಕ್ಕೆ ಇಳಿದು ನೋಡಿದೆ. ಎಲೆಚುಕ್ಕೆ ರೋಗ ಅಲ್ಲಿಗೂ ಬಂದಿದೆ. ಕೆಳಗಿನ ಸೋಗೆಗಳು ಸುಟ್ಟಂತಾಗಿವೆ. ರೋಗದ ಸೋಗೆ ಕಡಿದು ಸುಟ್ಟು, ಹೊತ್ತಿಗೆ ಸರಿಯಾಗಿ ಔಷಧ ಹೊಡೆದರೆ ತಡೆಯಬಹುದು. ಆದರೆ ಅದನ್ನು ಒಬ್ಬರು ನಿಂತು ಮಾಡಿಸಬೇಕು, ಪಕ್ಕದ ತೋಟದವರೂ ಮಾಡಬೇಕು. ಕಾದಿಗೆಗಳಲ್ಲಿ ಮಣ್ಣು ತುಂಬಿದೆ. ಮರ ಹತ್ತುವ ಕೊನೆಗಾರರು ಈಗ ಆ ಕಡೆಯಲ್ಲೂ ಸಿಗುವುದಿಲ್ಲ. ಇಬ್ಬರು ಹುಡುಗರು ಕಾರ್ಬನ್ ಫೈಬರಿನ ದೋಟಿ ತಂದು ನೆಲದ ಮೇಲೆ ನಿಂತೇ ಕೊನೆ ಇಳಿಸಿ ಕೊಟ್ಟು ಹೋದರಂತೆ. ಈ ದೋಟಿಯೊಂದು ಬಾರದಿದ್ದರೆ ನಮ್ಮ ವಯಸ್ಸಿನವರ ತೋಟಗಳಲ್ಲಿ ಅರ್ಧದಷ್ಟು ಅಡಿಕೆ ಮರದಲ್ಲೇ ಒಣಗುತ್ತಿತ್ತೆಂಬುದು ನನ್ನ ಅಭಿಪ್ರಾಯ. ನಾನೂ ನನ್ನ ಮೂವತ್ತನೆಯ ವಯಸ್ಸಿನಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಹಾರುತ್ತಿದ್ದವನೇ. ಈಗ ಕಾದಿಗೆ ದಾಟುವಾಗ ಕೋಲು ಊರುತ್ತೇನೆ.

ಗಿರಾಕಿಯ ವಿಷಯವನ್ನೂ ವಿಚಾರಿಸಿದೆ. ಸೇತುವೆಯಾದ ಮೇಲೆ ಕಾರಿನಲ್ಲಿ ಬಂದು ಜಾಗ ಕೇಳುವವರು ಹೆಚ್ಚಾಗಿದ್ದಾರೆ. ಈತನಿಗೆ ಬೇಕಾಗಿರುವುದು ತೋಟವಲ್ಲ, ನೀರು ಕಾಣುವ ದಿಣ್ಣೆ. ಅಲ್ಲಿ ಪ್ರವಾಸಿಗಳು ಉಳಿದುಕೊಳ್ಳುವ ಮನೆಗಳನ್ನು ಕಟ್ಟುವನಂತೆ. ಬೆಲೆ ಕೇಳಿ ನನಗೇ ಒಂದು ಕ್ಷಣ ಆಸೆಯಾಯಿತೆಂದರೆ ಸುಳ್ಳಲ್ಲ. ನನ್ನ ಮಕ್ಕಳೂ ಊರಿನಲ್ಲಿಲ್ಲ. ಇಂದು ಅಕ್ಕನ ಜಗಲಿಗೆ ಬಂದ ಮಾತು ನಾಳೆ ನನ್ನ ಜಗಲಿಗೆ ಬರುವುದೇ.

ಆ ರಾತ್ರಿ ಊಟವಾದ ಮೇಲೆ ಹೇಳಬೇಕಾದದ್ದನ್ನು ಹೇಳಲು ಮಾತು ತೆಗೆದೆ. ಅಕ್ಕ ಕೇಳಿಸಿಕೊಂಡಳೋ ಇಲ್ಲವೋ, ಬುಟ್ಟಿಯಿಂದ ಒಂದು ಹಿಡಿ ಗೋಟು ತೆಗೆದು ನೆಲದ ಮೇಲೆ ಒಂದೊಂದಾಗಿ ಇಡತೊಡಗಿದಳು. "ಇದು ಹೊಳೆ. ಇದು ಕಡವಿನ ದೋಣಿಯವನ ಮನೆ. ಮೇಲೆ ಬಂದ್ರೆ ಬಲಕ್ಕೆ ಗುಡಿ. ಗುಡಿ ಹಿಂದೆ ದೊಡ್ಡಪ್ಪಯ್ಯನ ಮನೆ. ಅವರ ಬಾವಿ ನೀರು ಉಪ್ಪು, ಅದಕ್ಕೇ ನಮ್ಮನೆಗೆ ಬರ್ತಿದ್ರು." ನಮ್ಮ ಊರನ್ನು ಇಡುತ್ತಿದ್ದಳು! ಬೆಳಿಗ್ಗೆ ಕಾಫಿ ಕುಡಿದದ್ದು ನೆನಪಿಲ್ಲದೆ ಎರಡು ಸಲ ಕುಡಿದವಳು, ಅರವತ್ತು ವರ್ಷದ ಹಿಂದೆ ಮುಳುಗಿದ ಊರಿನಲ್ಲಿ ಯಾರ ಮನೆಯ ಬಾಗಿಲು ಯಾವ ದಿಕ್ಕಿಗೆ, ಯಾರ ಕೊಟ್ಟಿಗೆಯ ಮಗ್ಗುಲಲ್ಲಿ ಹಲಸಿನ ಮರ, ಅದು ಬಕ್ಕೆಯೋ ಅಂಬಲಿಯೋ, ಎಲ್ಲವನ್ನೂ ಹೇಳಿದಳು. ನಾನು ಹತ್ತು ವರ್ಷದವನಾಗಿ ಬಿಟ್ಟು ಬಂದವನು. ಅರ್ಧ ನನಗೆ ಹೊಸತು. 11 ಮನೆ ಇಟ್ಟು ನಿಂತಳು. ಇನ್ನೊಂದು ಇತ್ತು, ಯಾರದೆಂದು ತಿಳಿಯದು ಎಂದಳು. ಬಹಳ ಹೊತ್ತು ಇಬ್ಬರೂ ಯೋಚಿಸಿದೆವು. ಅದು ನಮ್ಮ ಶಾಲೆಯ ಮೇಷ್ಟ್ರು ಬಾಡಿಗೆಗಿದ್ದ ಸೋಗೆ ಮನೆ. ನನಗೆ ಹೊಳೆಯಿತು. ಹನ್ನೆರಡನೆಯ ಗೋಟನ್ನು ನಾನೇ ಇಟ್ಟೆ.

ಅವಳು ಮಲಗಿದ ಮೇಲೆ ಅಡಿಕೆ ಲೆಕ್ಕದ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಆ ನಕ್ಷೆಯನ್ನು ಬರೆದುಕೊಂಡೆ. ಮನೆಗಳ ಹೆಸರು, ಬಾವಿ, ಗುಡಿ, ಹಲಸಿನ ಮರ ಎಲ್ಲವನ್ನೂ ಸೇರಿಸಿ. ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಗೋಟುಗಳನ್ನೆಲ್ಲ ಬಾಚಿ ಸುಲಿಯಲು ಕುಳಿತಿದ್ದಳು. ರಾತ್ರಿಯ ಮಾತೇ ನೆನಪಿರಲಿಲ್ಲ.

ಮಗನಿಗೆ ಫೋನು ಮಾಡಿದೆ. ತೋಟ ಈ ವರ್ಷ ಕೊಡುವುದು ಬೇಡವೆಂದೆ. ಫಸಲುಗುತ್ತಿಗೆಗೆ ಹಾಕೋಣ. ಮಳೆಗಾಲದ ನಾಲ್ಕು ತಿಂಗಳು, ಅಂಗಳ ಪಾಚಿಗಟ್ಟಿ ಜಾರುವ ಕಾಲದಲ್ಲಿ, ಅವಳು ಬೆಂಗಳೂರಿಗೆ ಬರಲಿ. ಕೊಯ್ಲಿಗೆ ವಾಪಸು ಬರಲಿ. ಆಗ ರಾತ್ರಿ ಮಲಗಲು ಒಂದು ಜನ ಗೊತ್ತು ಮಾಡುವ ಹೊಣೆ ನನ್ನದು. ಮುಂದಿನ ವರ್ಷದ್ದನ್ನು ಮುಂದಿನ ವರ್ಷ ನೋಡೋಣ. ಅವನು ಬಹಳ ಹೊತ್ತು ಸುಮ್ಮನಿದ್ದು, "ಗಿರಾಕಿ ಕಾಯೋದಿಲ್ಲ ಮಾವ" ಎಂದ. "ಕಾಯದಿದ್ರೆ ಹೋಗಲಿ" ಎಂದೆ. ಹಾಗೆ ಹೇಳುವಾಗ ನನ್ನ ದನಿ ನಾನು ತಿಳಿದದ್ದಕ್ಕಿಂತ ಗಟ್ಟಿಯಾಗಿಯೇ ಬಂದಿತು. ಸರಿಯೋ ತಪ್ಪೋ ಈಗಲೂ ನಿಶ್ಚಯವಿಲ್ಲ. ಒಂದು ಮಳೆಗಾಲ ದೂಡಿದ್ದೇವೆ, ಅಷ್ಟೆ. ಅಕ್ಕನಿಗೆ ಹೇಳಿದಾಗ, "ನೀರು ಇಳಿದು ಲಾಂಚು ನಿಲ್ಲೋದರೊಳಗೆ ವಾಪಸು ಬಿಡ್ತೀರಾ?" ಎಂದು ಕೇಳಿದಳು. ಬಿಡುತ್ತೇವೆಂದು ಮಾತು ಕೊಟ್ಟೆ.

ಆ ದಿನ ಸಂಜೆ ಆರಕ್ಕೆ ಹೊರಡೋಣವೆಂದಿದ್ದೆ. ಈಗ ಹೊತ್ತಿನ ಹಂಗಿಲ್ಲವಲ್ಲ. ಆದರೆ ನಾಲ್ಕು ಗಂಟೆಯಿಂದಲೇ ಅಕ್ಕ ಒಳಗೂ ಹೊರಗೂ ಓಡಾಡತೊಡಗಿದಳು. ಒಂದು ಚೀಲದಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಒಂದು ಕಟ್ಟು ಎಲೆ ಎಲ್ಲವೂ ತಯಾರು. "ಏಳು, ಹೊರಡು. ಕೊನೇ ಲಾಂಚು ತಪ್ಪಿದ್ರೆ ಆಮೇಲೆ ಎಂತ ಮಾಡ್ತೆ? ರಾತ್ರಿ ಯಾರೂ ಇರೋದಿಲ್ಲ ಅಲ್ಲಿ" ಎಂದಳು. ಅವಳ ದನಿ ನಡುಗುತ್ತಿತ್ತು. ಸೇತುವೆಯ ಮಾತು ನನ್ನ ಬಾಯಿಯ ತನಕ ಬಂತು, ಆದರೆ ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಕಳಸವಳ್ಳಿಯ ದಡದಲ್ಲಿ ಕಾರು ನಿಲ್ಲಿಸಿ ಹಳೆಯ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಕಾಯುವವರು ಯಾರೂ ಇರಲಿಲ್ಲ. ಮೇಲೆ ಸೇತುವೆಯ ಮೇಲೆ ಒಂದರ ಹಿಂದೊಂದು ಕಾರುಗಳು ಹೋಗುತ್ತಿದ್ದವು. ನಾವೂ ಹತ್ತಿ ದಾಟಿದೆವು. ಸಾಗರ ಮುಟ್ಟುವ ಮೊದಲೇ ಫೋನು ಬಡಿಯಿತು. ಕೆಲಸದ ಹೆಂಗಸು ಒತ್ತಿ ಕೊಟ್ಟಿರಬೇಕು.

"ತಮ್ಮಾ, ಲಾಂಚು ಸಿಕ್ತಾ?"

"ಸಿಕ್ತು ಅಕ್ಕ" ಎಂದೆ. "ಜನ ಇರ್ಲಿಲ್ಲ. ಕೂತ್ಕಂಡೇ ಬಂದೆ."